ಆಪರೇಷನ್ ಒಂದೂರಲ್ಲಿ, ಶುಗರ್ ಮಾತ್ರೆ ಇನ್ನೊಂದೂರಲ್ಲಿ: ತೂಕದ ಆಪರೇಷನ್‌ಗೆ ಮೊದಲು ಮತ್ತು ನಂತರ

ತೂಕ ಇಳಿಸುವ ಆಪರೇಷನ್ ಮಾಡಿಸಿದರೆ ಶುಗರ್ ಪೂರ್ತಿ ಹೋಗುತ್ತದಾ? ದಪ್ಪ ಮೈ, ಸಕ್ಕರೆ ಕಾಯಿಲೆ ಎರಡೂ ಇರುವ ಮನೆಯಲ್ಲಿ ಮೊದಲು ಬರುವ ಪ್ರಶ್ನೆ ಇದೇ. ಕೆಲವರಿಗೆ ಹೋಗುತ್ತದೆ. ಬಹಳ ಜನರಿಗೆ ಎಷ್ಟೋ ಕಡಿಮೆಯಾಗುತ್ತದೆ. ಹೋದವರಲ್ಲೂ ಹಲವರಿಗೆ ವರ್ಷಗಳಾದ ಮೇಲೆ ಮರಳಿ ಬರುತ್ತದೆ. ಆದರೆ ಇದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆ ಇದೆ, ಅದನ್ನು ಕೇಳುವವರು ಕಡಿಮೆ. ಆಪರೇಷನ್‌ಗೆ ಎರಡು ವಾರ ಮೊದಲು ಮತ್ತು ಆದ ಮೇಲಿನ ಕೆಲವು ವಾರಗಳಲ್ಲಿ ಈಗ ತಗೊಳ್ಳುತ್ತಿರುವ ಶುಗರ್ ಮಾತ್ರೆ, ಇನ್ಸುಲಿನ್ ಏನಾಗಬೇಕು?

ನಮ್ಮ ಕಡೆ ಈ ಪ್ರಶ್ನೆಗೆ ಜಾಸ್ತಿ ತೂಕವಿದೆ. ಕಲಬುರಗಿ, ಬೀದರ್, ಯಾದಗಿರಿಯ ಬಹಳಷ್ಟು ಜನ ದೊಡ್ಡ ಆಪರೇಷನ್ ಅಂದರೆ ಹೈದರಾಬಾದ್‌ಗೋ ಸೊಲ್ಲಾಪುರಕ್ಕೋ ಬೆಂಗಳೂರಿಗೋ ಹೋಗುತ್ತಾರೆ. ಕಲಬುರಗಿಯಿಂದ ಹೈದರಾಬಾದ್ ಇನ್ನೂರು ಕಿಲೋಮೀಟರ್‌ಗಿಂತ ದೂರ. ಆಪರೇಷನ್ ಮಾಡಿದ ಸರ್ಜನ್ ಅಲ್ಲಿ, ದಿನದ ಶುಗರ್ ನೋಡುವ ಡಾಕ್ಟರು ಇಲ್ಲಿ. ಇಬ್ಬರ ಮಧ್ಯೆ ಮಾತೇ ಆಗದಿದ್ದರೆ ಏನಾಗುತ್ತದೆ ಗೊತ್ತಾ? ಮಾತ್ರೆ ಮುಗಿದ ದಿನ ಮನೆಯವರು ಹಳೆ ಚೀಟಿ ಹಿಡಿದು ಮೆಡಿಕಲ್‌ಗೆ ಹೋಗುತ್ತಾರೆ, ಅದೇ ಮಾತ್ರೆ ತರುತ್ತಾರೆ. ಹೊಟ್ಟೆಗೆ ಹೋಗುತ್ತಿರುವುದು ದಿನಕ್ಕೆ ನಾಲ್ಕು ಬಟ್ಟಲು ತಿಳಿ ಮಜ್ಜಿಗೆ. ಮಾತ್ರೆ ಮಾತ್ರ ನಾಲ್ಕು ರೊಟ್ಟಿ ತಿನ್ನುತ್ತಿದ್ದ ಕಾಲದ್ದು. ಶುಗರ್ ಕುಸಿಯುವುದು ಹೀಗೆ.

ಯಾಕೆ ಹೀಗಾಗುತ್ತದೆ ಅಂತ ತಿಳಿಯಲು ಆಪರೇಷನ್ ಒಳಗೆ ಏನು ಮಾಡುತ್ತದೆ ಅಂತ ನೋಡಬೇಕು.

ಹೆಚ್ಚಾಗಿ ನಡೆಯುವುದು ಎರಡು ಬಗೆ. ಒಂದು ಸ್ಲೀವ್. ಇದರಲ್ಲಿ ಹೊಟ್ಟೆಯ ಚೀಲದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಸಣ್ಣ ಕೊಳವೆ. ಇನ್ನೊಂದು ಬೈಪಾಸ್. ಇಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ಪುಟ್ಟ ಚೀಲವೊಂದನ್ನು ಮಾಡಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಊಟ ಹೊಟ್ಟೆಯ ಬಹುಭಾಗವನ್ನೂ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ಮುಂದೆ ಹೋಗುತ್ತದೆ. ಮಿನಿ ಬೈಪಾಸ್ ಅಂತ ಇನ್ನೊಂದಿದೆ, ಅದರಲ್ಲಿ ಜೋಡಣೆ ಒಂದೇ.

ತೂಕ ಇಳಿದ ಮೇಲೆ ಶುಗರ್ ಇಳಿಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜ ಹಾಗಿಲ್ಲ. ಬೈಪಾಸ್ ಆದವರಲ್ಲಿ ತೂಕ ಹೆಚ್ಚು ಇಳಿಯುವುದಕ್ಕೂ ಮೊದಲೇ, ಕೆಲವೇ ದಿನಗಳಲ್ಲಿ ಶುಗರ್ ಬಿದ್ದಿರುತ್ತದೆ. ಅಮೆರಿಕದ ಸರ್ಜನ್ ವಾಲ್ಟರ್ ಪೋರಿಸ್ 1995ರಲ್ಲಿ ತಮ್ಮ ರೋಗಿಗಳ ಲೆಕ್ಕ ಪ್ರಕಟಿಸಿದಾಗ ವೈದ್ಯಲೋಕ ಬೆರಗಾಗಿದ್ದು ಇದಕ್ಕೇ. ಕಾರಣ ಒಂದೇ ಅಲ್ಲ. ಊಟ ಒಮ್ಮೆಲೇ ಕಡಿಮೆಯಾದಾಗ ಲಿವರ್‌ನಲ್ಲಿ ಕೂತ ಕೊಬ್ಬು ಬೇಗ ಕರಗುತ್ತದೆ. ಲಿವರ್ ರಾತ್ರಿಯಿಡೀ ರಕ್ತಕ್ಕೆ ಸುರಿಯುತ್ತಿದ್ದ ಸಕ್ಕರೆ ಕಡಿಮೆಯಾಗುತ್ತದೆ. ಜೊತೆಗೆ, ಊಟ ಕರುಳಿನ ಕೆಳಭಾಗಕ್ಕೆ ಬೇಗ ಮುಟ್ಟುವುದರಿಂದ ಜಿಎಲ್‌ಪಿ-1 ಅನ್ನುವ ಹಾರ್ಮೋನು ಜೋರಾಗಿ ಏರುತ್ತದೆ. ಇನ್ಸುಲಿನ್ ಬಿಡು ಅಂತ ಮೇದೋಜೀರಕ ಗ್ರಂಥಿಗೆ ಹೇಳುವುದು ಈ ಹಾರ್ಮೋನು. ಸ್ಲೀವ್‌ನಲ್ಲಿ ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನೂ ಇಳಿಯುತ್ತದೆ, ಯಾಕಂದರೆ ಅದನ್ನು ಹೆಚ್ಚಾಗಿ ತಯಾರಿಸುವ ಹೊಟ್ಟೆಯ ಭಾಗವೇ ಹೋಗಿರುತ್ತದೆ.

ಅಂದರೆ ದೇಹ ದಿನಗಳಲ್ಲಿ ಬದಲಾಗುತ್ತದೆ. ಚೀಟಿಯೂ ಅಷ್ಟೇ ಬೇಗ ಬದಲಾಗಬೇಕು.

ಯಾರಿಗೆ ಈ ಆಪರೇಷನ್?

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ತೂಕವನ್ನು ಕಿಲೋದಲ್ಲಿ ಬರೆದು, ಅದನ್ನು ಮೀಟರ್‌ನಲ್ಲಿ ಅಳೆದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. 2022ರಲ್ಲಿ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಸರ್ಜನ್ ಸಂಘಗಳು ಸೇರಿ ಹೊಸ ಸೂಚನೆ ಕೊಟ್ಟವು. ಟೈಪ್ 2 ಸಕ್ಕರೆ ಕಾಯಿಲೆ ಇದ್ದು ಬಿಎಂಐ 30 ದಾಟಿದ್ದರೆ ಆಪರೇಷನ್ ಸಲಹೆ ಮಾಡಬಹುದು. ಏಷ್ಯಾದವರಿಗೆ ಆ ಗೆರೆ ಇನ್ನೂ ಕೆಳಗೆ, 27.5ರಿಂದಲೇ ಯೋಚಿಸಬಹುದು. ಐದು ಅಡಿ ಐದು ಇಂಚು ಎತ್ತರದವರಿಗೆ ಅದು ಸುಮಾರು 75 ಕಿಲೋ. ನಮ್ಮ ಜನರಿಗೆ ಕಡಿಮೆ ತೂಕದಲ್ಲೇ ಹೊಟ್ಟೆಯ ಸುತ್ತ ಕೊಬ್ಬು ಕೂತು ಶುಗರ್ ಬರುತ್ತದೆ, ಅದಕ್ಕೇ ಈ ವ್ಯತ್ಯಾಸ. 75 ಕಿಲೋ ಇದ್ದವರೆಲ್ಲ ಆಪರೇಷನ್‌ಗೆ ಓಡಬೇಕು ಅಂತ ಇದರ ಅರ್ಥವಲ್ಲ. ಮಾತ್ರೆ, ಊಟ, ನಡಿಗೆಯಿಂದ ಶುಗರ್ ಹತೋಟಿಗೆ ಬರುತ್ತಿದ್ದರೆ ಅದೇ ಒಳ್ಳೆಯದು.

ಯಾರಿಗೆ ಲಾಭ ಜಾಸ್ತಿ? ಶುಗರ್ ಬಂದು ಕೆಲವೇ ವರ್ಷ ಆದವರಿಗೆ, ಇನ್ನೂ ಇನ್ಸುಲಿನ್ ಹತ್ತದವರಿಗೆ, ವಯಸ್ಸು ಕಡಿಮೆ ಇರುವವರಿಗೆ. ಸಿ-ಪೆಪ್ಟೈಡ್ ಅನ್ನುವ ರಕ್ತ ಪರೀಕ್ಷೆ ಮಾಡಿಸಿದರೆ ದೇಹ ಸ್ವಂತವಾಗಿ ಎಷ್ಟು ಇನ್ಸುಲಿನ್ ಮಾಡುತ್ತಿದೆ ಅಂತ ಅಂದಾಜು ಸಿಗುತ್ತದೆ. ಅದು ತುಂಬಾ ಕಡಿಮೆ ಇದ್ದರೆ ಆಪರೇಷನ್ ಆದರೂ ಇನ್ಸುಲಿನ್ ಬಿಡಲು ಆಗುವುದಿಲ್ಲ. ದೇಹ ಸ್ವಂತ ಇನ್ಸುಲಿನ್ ಮಾಡದ ಟೈಪ್ 1 ಇದ್ದವರಿಗಂತೂ ಇನ್ಸುಲಿನ್ ಯಾವತ್ತೂ ನಿಲ್ಲುವುದಿಲ್ಲ, ಒಂದು ದಿನವೂ ನಿಲ್ಲಿಸಬಾರದು.

ಆಪರೇಷನ್‌ಗೆ ಮೊದಲಿನ ವಾರಗಳು

ಮೊದಲ ಕೆಲಸ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ. ಅದು 8ಕ್ಕಿಂತ ಕೆಳಗೆ ಬಂದರೆ ಒಳ್ಳೆಯದು ಅಂತ ಡಾಕ್ಟರುಗಳು ಹೇಳುತ್ತಾರೆ, ಸಾಧ್ಯವಿದ್ದವರಿಗೆ 7ರ ಹತ್ತಿರ. ಶುಗರ್ ಜಾಸ್ತಿ ಇದ್ದರೆ ಗಾಯ ಬೇಗ ಮಾಯುವುದಿಲ್ಲ, ಕೀವು ಆಗುವ ಭಯ ಹೆಚ್ಚು. ಇಲ್ಲಿ ಒಂದು ಎಚ್ಚರ. ನಮ್ಮ ಕಡೆ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಬಹಳ. ಕಬ್ಬಿಣದ ಕೊರತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಹಾಗಾಗಿ ಹಿಮೋಗ್ಲೋಬಿನ್ ಕೂಡ ನೋಡಿಸಬೇಕು, ಬೆರಳು ಚುಚ್ಚಿ ನೋಡಿದ ಶುಗರ್ ಲೆಕ್ಕವನ್ನೂ ಡಾಕ್ಟರಿಗೆ ತೋರಿಸಬೇಕು.

ಎರಡನೆಯದು ಕಣ್ಣು. ವರ್ಷಗಟ್ಟಲೆ ಏರಿದ್ದ ಶುಗರ್ ಒಮ್ಮೆಲೇ ಇಳಿದರೆ, ಮೊದಲೇ ಕಣ್ಣಿನ ಪರದೆಗೆ ತೊಂದರೆ ಇದ್ದವರಲ್ಲಿ ಅದು ಕೆಲವು ಕಾಲ ಹೆಚ್ಚಾಗಬಹುದು. ಆಪರೇಷನ್‌ಗೆ ಮುಂಚೆ ಹನಿ ಹಾಕಿ ಪರದೆ ನೋಡಿಸಿ, ಲೇಸರ್ ಬೇಕಿದ್ದರೆ ಮಾಡಿಸಿಕೊಂಡೇ ಹೋಗಬೇಕು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ದಯವಿಟ್ಟು ಬಿಡಬೇಡಿ. ಬೀಡಿ, ಸಿಗರೇಟು, ಗುಟ್ಕಾ, ತಂಬಾಕು ಕೂಡ ವಾರಗಳ ಮೊದಲೇ ನಿಲ್ಲಬೇಕು. ಬೈಪಾಸ್ ಆದವರು ಬೀಡಿ ಸಿಗರೇಟು ಸೇದಿದರೆ ಜೋಡಿಸಿದ ಜಾಗದಲ್ಲಿ ಹುಣ್ಣು ಆಗುತ್ತದೆ.

ಇನ್ನು ಆ ಕೊನೆಯ ಎರಡು ವಾರ. ದಪ್ಪ ಮೈಯವರ ಲಿವರ್ ಕೊಬ್ಬು ತುಂಬಿ ದೊಡ್ಡದಾಗಿರುತ್ತದೆ. ಹೊಟ್ಟೆ ಅದರ ಹಿಂದೆ ಅಡಗಿರುತ್ತದೆ. ಲಿವರ್ ಕುಗ್ಗಲಿ ಅಂತ ಸರ್ಜನ್ ಸುಮಾರು ಎರಡು ವಾರ ದಿನಕ್ಕೆ 800ರಿಂದ 1,000 ಕ್ಯಾಲೊರಿಯ ಊಟ ಹೇಳುತ್ತಾರೆ. ಮಜ್ಜಿಗೆ, ಹಾಲು, ಪ್ರೋಟೀನ್ ಪುಡಿ, ತರಕಾರಿ ಸೂಪು. ರೊಟ್ಟಿ ಇಲ್ಲ, ಅನ್ನ ಇಲ್ಲ. ಆಪರೇಷನ್ ಇನ್ನೂ ಆಗಿಲ್ಲವಲ್ಲ, ಮಾತ್ರೆ ಹಾಗೇ ಇರಲಿ ಅಂತ ಜನ ತಿಳಿಯುತ್ತಾರೆ. ಶುಗರ್ ಕುಸಿಯುವ ಮೊದಲ ಅಪಾಯ ಇರುವುದೇ ಈ ಎರಡು ವಾರಗಳಲ್ಲಿ.

ಎಲ್ಲ ಮಾತ್ರೆಯೂ ಒಂದೇ ಥರ ಅಲ್ಲ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್ ಇವು ಊಟ ಮಾಡಿದರೂ ಬಿಟ್ಟರೂ ಇನ್ಸುಲಿನ್ ಹಿಂಡುತ್ತವೆ. ಊಟ ಇಳಿದ ದಿನದಿಂದಲೇ ಇವನ್ನು ಇಳಿಸಬೇಕು ಅಥವಾ ನಿಲ್ಲಿಸಬೇಕು. ಚುಚ್ಚಿಕೊಳ್ಳುವ ಇನ್ಸುಲಿನ್ ಡೋಸೂ ಇಳಿಯಬೇಕು. ಎಷ್ಟು ಇಳಿಸಬೇಕು ಅನ್ನುವುದು ನಿಮ್ಮ ಡಾಕ್ಟರಿಗೆ ಬಿಟ್ಟಿದ್ದು. ಮೆಟ್‌ಫಾರ್ಮಿನ್ ಒಂದನ್ನೇ ತಗೊಂಡರೆ ಸಾಮಾನ್ಯವಾಗಿ ಶುಗರ್ ಕುಸಿಯುವುದಿಲ್ಲ. ಅದು ಆಪರೇಷನ್‌ಗೆ ಹತ್ತಿರದವರೆಗೂ ನಡೆಯುತ್ತದೆ, ಆಪರೇಷನ್ ದಿನ ಬೇಡ.

ತೊಡಕು ಇರುವುದು ಜೋಡಿ ಮಾತ್ರೆಯಲ್ಲಿ. ನಮ್ಮಲ್ಲಿ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಎರಡೂ ಸೇರಿದ ಒಂದೇ ಮಾತ್ರೆ ಬಹಳ ಜನ ನುಂಗುತ್ತಾರೆ. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಉಳಿಸಬೇಕಾದಾಗ ಆ ಮಾತ್ರೆ ಕೆಲಸಕ್ಕೆ ಬರುವುದಿಲ್ಲ, ಬೇರೆ ಚೀಟಿ ಬೇಕು. ನಿಮ್ಮ ಮಾತ್ರೆ ಪಟ್ಟಿಯ ಹಿಂದೆ ಎಷ್ಟು ಹೆಸರು ಇವೆ ಅಂತ ಇವತ್ತೇ ಓದಿ ನೋಡಿ.

ಇನ್ನೊಂದು ಗುಂಪಿನ ಬಗ್ಗೆ ಒತ್ತಿ ಹೇಳಬೇಕು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್. ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುವ ಮಾತ್ರೆಗಳು ಇವು. ಹೃದಯಕ್ಕೂ ಕಿಡ್ನಿಗೂ ಒಳ್ಳೆಯದು ಅಂತ ಕೊಡುತ್ತಾರೆ, ಅದು ನಿಜ ಕೂಡ. ಆದರೆ ಆಪರೇಷನ್‌ಗೆ ಕನಿಷ್ಠ ಮೂರು ದಿನ ಮೊದಲು ಇವನ್ನು ನಿಲ್ಲಿಸಬೇಕು ಅಂತ ಅಮೆರಿಕದ ಔಷಧ ಇಲಾಖೆ 2020ರಲ್ಲಿ ಹೇಳಿದೆ. ಇದೇ ಗುಂಪಿನ ಅರ್ಟುಗ್ಲಿಫ್ಲೋಜಿನ್ ಆದರೆ ನಾಲ್ಕು ದಿನ. ಕಾರಣ ಹೀಗಿದೆ. ಊಟ ಇಲ್ಲದಾಗ ಈ ಮಾತ್ರೆ ಇದ್ದರೆ ದೇಹ ಕೊಬ್ಬನ್ನು ಉರಿಸಿ ಕೀಟೋನ್ ಅನ್ನುವ ಆಮ್ಲ ತುಂಬಿಕೊಳ್ಳುತ್ತದೆ. ವಾಂತಿ, ಹೊಟ್ಟೆನೋವು, ಜೋರು ಉಸಿರು ಶುರುವಾಗುತ್ತದೆ. ಗ್ಲುಕೋಮೀಟರ್ ನೋಡಿದರೆ 150, 180 ಅಷ್ಟೇ. ಶುಗರ್ ಸರಿ ಇದೆಯಲ್ಲ ಅಂತ ಎಲ್ಲರೂ ಸುಮ್ನಾಗುತ್ತಾರೆ. ಜೀವಕ್ಕೇ ಕುತ್ತು ತರುವ ಸ್ಥಿತಿ ಇದು. ದ್ರವ ಊಟ ಶುರುವಾದಾಗಲೇ ನಿಲ್ಲಿಸಬೇಕಾ ಅಂತ ಮೊದಲೇ ಕೇಳಿಕೊಳ್ಳಿ.

ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್ ತಗೊಳ್ಳುತ್ತಿದ್ದರೆ ಅದನ್ನು ಅರಿವಳಿಕೆ ಕೊಡುವ ಡಾಕ್ಟರಿಗೆ ಹೇಳಲೇಬೇಕು. ಹೊಟ್ಟೆ ಖಾಲಿಯಾಗುವುದನ್ನು ಇವು ತಡ ಮಾಡುತ್ತವೆ.

ಆಸ್ಪತ್ರೆಯಿಂದ ಮನೆಗೆ

ಆಸ್ಪತ್ರೆಯಲ್ಲಿ ಇರುವಾಗ ಚಿಂತೆ ಕಡಿಮೆ. ಕೆಲವು ತಾಸಿಗೊಮ್ಮೆ ಶುಗರ್ ನೋಡಿ, 100ರಿಂದ 180ರ ಒಳಗೆ ಇರುವಂತೆ ಬೇಕಾದಷ್ಟೇ ಇನ್ಸುಲಿನ್ ಕೊಡುತ್ತಾರೆ. ಎಲ್ಲ ಸರಿ ಇದ್ದರೆ ಎರಡು ಮೂರು ದಿನಕ್ಕೆ ಮನೆಗೆ ಕಳಿಸುತ್ತಾರೆ. ಜವಾಬ್ದಾರಿ ನಿಮ್ಮ ಕೈಗೆ ಬರುವುದು ಆಗ.

ಬಿಡುಗಡೆ ದಿನ ಆಸ್ಪತ್ರೆಯವರು ದಪ್ಪ ಫೈಲು ಕೊಡುತ್ತಾರೆ. ಅದು ಸಾಲದು. ಒಂದು ಹಾಳೆ ಬರೆಸಿಕೊಳ್ಳಿ. ಆದ ಆಪರೇಷನ್ ಸ್ಲೀವ್ ಅಥವಾ ಬೈಪಾಸ್, ಯಾವ ದಿನ ಆಯಿತು. ಯಾವ ಮಾತ್ರೆ ನಿಲ್ಲಿಸಿದ್ದಾರೆ, ಯಾವುದು ಉಳಿದಿದೆ, ಡೋಸ್ ಎಷ್ಟು. ಶುಗರ್ ಎಷ್ಟಕ್ಕಿಂತ ಇಳಿದರೆ, ಎಷ್ಟಕ್ಕಿಂತ ಏರಿದರೆ ಫೋನ್ ಮಾಡಬೇಕು, ಯಾರಿಗೆ. ಊರಿಗೆ ಬಂದ ವಾರದಲ್ಲೇ ಆ ಹಾಳೆಯನ್ನು ಇಲ್ಲಿನ ಡಾಕ್ಟರಿಗೆ ತೋರಿಸಿ. ಹಳೆ ಚೀಟಿ ಹರಿದು ಹಾಕಿ, ಮನೆಯಲ್ಲಿ ಉಳಿದ ಹಳೆ ಮಾತ್ರೆ ಬೇರೆ ಎತ್ತಿಡಿ. ಮಾತ್ರೆ ತರುವವರು ಮಗನೋ ಸೊಸೆಯೋ ಆಗಿದ್ದರೆ ಅವರ ಫೋನಿನಲ್ಲೂ ಆ ಹಾಳೆಯ ಫೋಟೊ ಇರಲಿ.

ಮೊದಲ ವಾರಗಳಲ್ಲಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮತ್ತು ಊಟದ ನಂತರ, ಇನ್ಸುಲಿನ್ ಇದ್ದರೆ ಇನ್ನೂ ಹೆಚ್ಚು ಸಲ ಬೆರಳು ಚುಚ್ಚಿ ನೋಡಬೇಕು. 70ಕ್ಕಿಂತ ಇಳಿದರೆ ಅದು ಲೋ ಶುಗರ್. ಕೈ ನಡುಗುವುದು, ಬೆವರು, ಎದೆ ಹೊಡೆದುಕೊಳ್ಳುವುದು, ಕಣ್ಣು ಮಂಜಾಗುವುದು ಇದರ ಗುರುತು. ಸುಸ್ತನ್ನು ಆಪರೇಷನ್ ಸುಸ್ತು ಅಂತ ತಳ್ಳಿಹಾಕಬೇಡಿ, ಮೊದಲು ಮೀಟರ್ ನೋಡಿ. 15 ಗ್ರಾಂ ಗ್ಲುಕೋಸ್ ನೀರಲ್ಲಿ ಕಲಸಿ ಗುಟುಕು ಗುಟುಕಾಗಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಆಮೇಲೆ ಡಾಕ್ಟರಿಗೆ ಫೋನ್. ಲೋ ಶುಗರ್ ಬಂತು ಅಂದರೆ ಮಾತ್ರೆ ಇನ್ನೂ ಇಳಿಯಬೇಕು ಅಂತಲೇ ಅರ್ಥ.

ಗ್ಲಿಮೆಪಿರೈಡ್ ಗುಂಪನ್ನು ಸಾಮಾನ್ಯವಾಗಿ ಪೂರ್ತಿ ನಿಲ್ಲಿಸಿರುತ್ತಾರೆ. ಮೆಟ್‌ಫಾರ್ಮಿನ್ ಮುಂದುವರಿಯಬಹುದು. ಆದರೆ ನಿಧಾನವಾಗಿ ಕರಗುವ ದೊಡ್ಡ ಎಸ್‌ಆರ್ ಮಾತ್ರೆ ಬೇಡ, ಅದನ್ನು ಪುಡಿ ಮಾಡಿ ನುಂಗುವುದೂ ತಪ್ಪು. ಸಾದಾ ಮಾತ್ರೆಗೆ ಬದಲಾಯಿಸುತ್ತಾರೆ. ಬಿಪಿ ಮಾತ್ರೆಯನ್ನೂ ಮರೆಯಬೇಡಿ. ತೂಕದ ಜೊತೆ ಬಿಪಿಯೂ ಇಳಿಯುತ್ತದೆ. ಮೂತ್ರ ಹೆಚ್ಚು ಮಾಡಿಸುವ ಬಿಪಿ ಮಾತ್ರೆ ಹಾಗೇ ಮುಂದುವರಿದರೆ ಎದ್ದು ನಿಂತಾಗ ತಲೆ ತಿರುಗಿ ಬೀಳುತ್ತಾರೆ. ನೋವಿಗೆ ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೇಳಿ ತರಬೇಡಿ, ಬೈಪಾಸ್ ಆದವರಿಗೆ ಅವು ಹುಣ್ಣು ಮಾಡುತ್ತವೆ.

ನಮ್ಮ ಬೇಸಿಗೆಯ ಬಗ್ಗೆ ಬೇರೆ ಹೇಳಬೇಕಾ? ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 42 ಡಿಗ್ರಿ ಹೊಸದೇನಲ್ಲ. ಹೊಸದಾಗಿ ಆಪರೇಷನ್ ಆದವರಿಗೆ ಒಂದೇ ಸಲ ಒಂದು ಲೋಟ ನೀರು ಕುಡಿಯಲು ಆಗುವುದಿಲ್ಲ. ಗುಟುಕು ಗುಟುಕಾಗಿ ದಿನವಿಡೀ ಒಂದೂವರೆ ಲೀಟರ್ ದಾಟಿಸಬೇಕು. ನೀರು ಕಡಿಮೆಯಾದರೆ ಕಿಡ್ನಿಗೆ ಪೆಟ್ಟು. ತುರ್ತು ಇಲ್ಲದಿದ್ದರೆ ಆಪರೇಷನ್ ಮಳೆಗಾಲ, ಚಳಿಗಾಲಕ್ಕೆ ಇಟ್ಟುಕೊಳ್ಳಬಹುದಾ ಅಂತ ಸರ್ಜನ್‌ರನ್ನು ಕೇಳಿ, ಕೇಳುವುದರಲ್ಲಿ ತಪ್ಪಿಲ್ಲ. ಇನ್ಸುಲಿನ್ ಮುಂದುವರಿದವರು ಅದನ್ನು ತಂಪಾಗಿ ಇಡುವುದನ್ನೂ ನೋಡಿಕೊಳ್ಳಬೇಕು. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟ ಇನ್ಸುಲಿನ್ ಕೆಡುತ್ತದೆ.

ತಾಟಿನಲ್ಲಿ ಏನಿರಬೇಕು

ಊಟ ಮೊದಲು ನೀರಿನಂಥದ್ದು, ಆಮೇಲೆ ರುಬ್ಬಿದ್ದು, ಆಮೇಲೆ ಮೆತ್ತನೆಯದು. ಮಾಮೂಲಿ ಊಟಕ್ಕೆ ಬರಲು ಒಂದೂವರೆ ಎರಡು ತಿಂಗಳು ಬೇಕು. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಸ್ನಾಯು ಕರಗಿದರೆ ಶುಗರ್ ಹಿಡಿತವೂ ಸಡಿಲ.

ತೊಗರಿಯ ನಾಡು ನಮ್ಮದು, ಬೇಳೆಗೆ ಕೊರತೆ ಇಲ್ಲ. ಆದರೂ ಒಂದು ತಪ್ಪು ತಿಳಿವಳಿಕೆ ಇದೆ. ಬೇಳೆ ಬೇಯಿಸಿದ ಕಟ್ಟು ಕುಡಿದರೆ ಪ್ರೋಟೀನ್ ಸಿಕ್ಕಿತು ಅಂತ. ಕಟ್ಟಿನಲ್ಲಿ ಇರುವುದು ಬಹಳ ಕಡಿಮೆ, ಪ್ರೋಟೀನ್ ಇರುವುದು ಬೇಳೆಯಲ್ಲಿ. 30 ಗ್ರಾಂ ಒಣ ತೊಗರಿ ಬೇಳೆಗೆ ಆರೇಳು ಗ್ರಾಂ, ಒಂದು ಮೊಟ್ಟೆಗೆ ಸುಮಾರು ಆರು, 200 ಮಿಲಿ ಹಾಲಿಗೆ ಸುಮಾರು ಆರು. ಲೆಕ್ಕ ಹಾಕಿದರೆ 60 ಮುಟ್ಟುವುದು ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ, ಅಲ್ವಾ? ಮೊದಲ ತಿಂಗಳುಗಳಲ್ಲಿ ಪ್ರೋಟೀನ್ ಪುಡಿ ಬೇಕಾಗುವುದು ಅದಕ್ಕೇ. ಮೊಸರು, ಪನ್ನೀರು, ಮೊಟ್ಟೆ, ಮೀನು, ಚೆನ್ನಾಗಿ ಬೆಂದ ಹೆಸರು, ಮಡಿಕೆ ಕಾಳು ಇವು ತಾಟಿಗೆ ಮೊದಲು ಬರಲಿ. ಜೋಳದ ರೊಟ್ಟಿ ಆಮೇಲೆ, ಅದೂ ಬೇಳೆಯಲ್ಲಿ ನೆನೆಸಿದ ಬಿಸಿ ರೊಟ್ಟಿಯ ಒಂದು ಚೂರಿನಿಂದ ಶುರು. ಕಟಕ್ ರೊಟ್ಟಿ ತಿನ್ನುವ ಆಸೆಯನ್ನು ಕೆಲವು ತಿಂಗಳು ಮುಂದೆ ಹಾಕಬೇಕು. ಊಟದ ಜೊತೆ ನೀರು ಬೇಡ, ಅರ್ಧ ತಾಸು ಬಿಟ್ಟು ಕುಡಿಯಿರಿ.

ಜಾತ್ರೆ, ಉರುಸು, ಮದುವೆ ಬಂದಾಗ ಹೋಳಿಗೆ, ಮಾಲ್ಪುರಿ, ಶರಬತ್ತು ಕಾಣುತ್ತವೆ. ಬೈಪಾಸ್ ಆದವರು ಸಿಹಿ ತಿಂದರೆ ಅದು ಒಮ್ಮೆಲೇ ಕರುಳಿಗೆ ಇಳಿದು ಅರ್ಧ ತಾಸಿನೊಳಗೆ ಹೊಟ್ಟೆ ನುಲಿತ, ಭೇದಿ, ಎದೆಬಡಿತ ಬರಬಹುದು. ಇನ್ನೊಂದು ತೊಂದರೆ ತಡವಾಗಿ ಬರುತ್ತದೆ. ತಿಂದು ಒಂದರಿಂದ ಮೂರು ತಾಸಿಗೆ ಶುಗರ್ ಕೆಳಗೆ ಬೀಳುತ್ತದೆ. ಸಿಹಿ ಬೇಗ ರಕ್ತಕ್ಕೆ ಸೇರಿದ್ದಕ್ಕೆ ದೇಹ ಅಗತ್ಯಕ್ಕಿಂತ ಹೆಚ್ಚು ಇನ್ಸುಲಿನ್ ಬಿಟ್ಟಿರುತ್ತದೆ. ಶುಗರ್ ಮಾತ್ರೆ ಎಲ್ಲ ನಿಂತು ಒಂದು ವರ್ಷ ದಾಟಿದವರಲ್ಲೂ ಇದು ಕಾಣುತ್ತದೆ. ಆಗ ಬರೀ ಸಿಹಿ ತಿಂದು ಸುಧಾರಿಸಿಕೊಂಡರೆ ಇನ್ನೊಂದು ತಾಸಿಗೆ ಮತ್ತೆ ಬೀಳುತ್ತದೆ. ಸ್ವಲ್ಪ ಗ್ಲುಕೋಸ್, ಅದರ ಹಿಂದೆಯೇ ಮೊಟ್ಟೆ ಅಥವಾ ಪನ್ನೀರು. ಪದೇ ಪದೇ ಆದರೆ ಡಾಕ್ಟರಿಗೆ ತೋರಿಸಬೇಕು, ಇದಕ್ಕೆ ಔಷಧ ಇದೆ. ಮದ್ಯ ಈಗ ಮೊದಲಿಗಿಂತ ಬೇಗ ಏರುತ್ತದೆ, ಶುಗರನ್ನೂ ಕೆಡವುತ್ತದೆ. ಶ್ರಾವಣದ ಉಪವಾಸ, ರಂಜಾನ್ ರೋಜಾ ಮೊದಲ ತಿಂಗಳುಗಳಲ್ಲಿ ಬೇಡ. ಆಮೇಲೂ ಡಾಕ್ಟರನ್ನು ಕೇಳಿಯೇ.

ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳು ಜೀವನಪೂರ್ತಿ. ಮೆಟ್‌ಫಾರ್ಮಿನ್ ತಗೊಳ್ಳುವವರಿಗೆ ಬಿ12 ಮೊದಲೇ ಕಡಿಮೆಯಾಗಿರಬಹುದು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳ ಮಧ್ಯೆ ಎರಡು ತಾಸು ಬಿಡಿ.

ವಾಂತಿ ಎರಡು ಮೂರು ದಿನ ನಿಲ್ಲದಿದ್ದರೆ ಕಾಯಬೇಡಿ. ಇಲ್ಲಿ ಒಂದು ಮಾತು ಮನೆಯವರೆಲ್ಲರಿಗೂ ಗೊತ್ತಿರಬೇಕು. ವಾಂತಿ, ಸುಸ್ತು ಅಂದರೆ ಹತ್ತಿರದ ದವಾಖಾನೆಯಲ್ಲಿ ಗ್ಲುಕೋಸ್ ಸಲಾಯಿನ್ ಹಚ್ಚುತ್ತಾರೆ. ಈ ಆಪರೇಷನ್ ಆದವರಲ್ಲಿ ವಾಂತಿಯಿಂದ ಬಿ1, ಅಂದರೆ ಥಯಾಮಿನ್, ಖಾಲಿಯಾಗಿರುತ್ತದೆ. ಥಯಾಮಿನ್ ಕೊಡದೆ ಬರೀ ಗ್ಲುಕೋಸ್ ಏರಿಸಿದರೆ ಮೆದುಳಿಗೆ ಶಾಶ್ವತ ಪೆಟ್ಟು ಬೀಳಬಹುದು. ಹಾಗಾಗಿ ಎಲ್ಲೇ ಹೋದರೂ ಮೊದಲು ತೂಕದ ಆಪರೇಷನ್ ಆಗಿದೆ ಅಂತ ಹೇಳಿ, ಥಯಾಮಿನ್ ಇಂಜೆಕ್ಷನ್ ಬೇಕಾ ಅಂತ ಕೇಳಿ. ಕಣ್ಣಿಗೆ ಎಲ್ಲ ಎರಡೆರಡು ಕಂಡರೆ, ನಡಿಗೆ ತಪ್ಪಿದರೆ, ಮಾತು ಗಲಿಬಿಲಿಯಾದರೆ ಆಗಲೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಮಕ್ಕಳಾಗಬೇಕು ಅನ್ನುವ ಹೆಣ್ಣುಮಕ್ಕಳು 12ರಿಂದ 18 ತಿಂಗಳು ತಡೆಯಬೇಕು. ತೂಕ ಇಳಿದಂತೆ ಬಸಿರಾಗುವ ಸಾಧ್ಯತೆ ಜಾಸ್ತಿ, ಆದ್ದರಿಂದ ಈ ಮಾತು ಮೊದಲೇ ಆಗಬೇಕು. ಬಸಿರಾದಾಗ ಗ್ಲುಕೋಸ್ ಕುಡಿಸಿ ಮಾಡುವ ಶುಗರ್ ಪರೀಕ್ಷೆ ಬೈಪಾಸ್ ಆದವರಿಗೆ ಹೊಂದುವುದಿಲ್ಲ. ಹೆರಿಗೆ ಡಾಕ್ಟರಿಗೆ ಹೇಳಿದರೆ ಬೆರಳು ಚುಚ್ಚಿ ನೋಡುವ ದಾರಿ ಹಿಡಿಯುತ್ತಾರೆ.

ಹೋದ ಶುಗರ್ ಮರಳಿದರೆ

ಮಾತ್ರೆ ಎಲ್ಲ ನಿಲ್ಲಿಸಿ ಮೂರು ತಿಂಗಳಾದ ಮೇಲೂ ಎಚ್‌ಬಿಎ1ಸಿ 6.5ಕ್ಕಿಂತ ಕೆಳಗೆ ಇದ್ದರೆ ಕಾಯಿಲೆ ಹಿಂದೆ ಸರಿದಿದೆ ಅಂತ 2021ರಿಂದ ಲೆಕ್ಕ. ವಾಸಿಯಾಗಿದೆ ಅಂತ ಡಾಕ್ಟರುಗಳು ಹೇಳುವುದಿಲ್ಲ. ಯಾಕೆ ಅಂತ ಸ್ವೀಡನ್ನಿನ ದೊಡ್ಡ ಅಧ್ಯಯನ ನೋಡಿದರೆ ತಿಳಿಯುತ್ತದೆ. ಆಪರೇಷನ್ ಆದ ಎರಡು ವರ್ಷಕ್ಕೆ ನೂರರಲ್ಲಿ ಸುಮಾರು 72 ಜನರ ಶುಗರ್ ಹಿಂದೆ ಸರಿದಿತ್ತು. 15 ವರ್ಷಕ್ಕೆ ಹಾಗೆ ಉಳಿದವರು ಸುಮಾರು 30. ಅಮೆರಿಕದ ಇನ್ನೊಂದು ಪರೀಕ್ಷೆಯಲ್ಲಿ ಐದು ವರ್ಷದ ಮೇಲೆ ಎಚ್‌ಬಿಎ1ಸಿ 6 ಅಥವಾ ಅದಕ್ಕಿಂತ ಕೆಳಗೆ ಉಳಿದವರು ಬೈಪಾಸ್‌ನಲ್ಲಿ ನೂರಕ್ಕೆ 29, ಸ್ಲೀವ್‌ನಲ್ಲಿ 23. ಬರೀ ಔಷಧ ತಗೊಂಡವರಲ್ಲಿ 5.

ಈ ಅಂಕಿ ನೋಡಿ ನಿರಾಸೆ ಬೇಡ. ಸ್ವೀಡನ್ನಿನ ಅದೇ ಅಧ್ಯಯನದಲ್ಲಿ ಕಣ್ಣು, ಕಿಡ್ನಿ, ನರಗಳ ತೊಂದರೆ ಆಪರೇಷನ್ ಆದವರಲ್ಲಿ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿದಿತ್ತು. ಶುಗರ್ ಇಳಿದಿದ್ದ ಆ ವರ್ಷಗಳು ದೇಹಕ್ಕೆ ಲಾಭವೇ. ಆದರೆ ನನ್ನ ಶುಗರ್ ಹೋಯಿತು ಅಂತ ಊರೆಲ್ಲ ಹೇಳಿಕೊಂಡವರು, ಮರಳಿದಾಗ ನಾಚಿಕೊಂಡು ಪರೀಕ್ಷೆಗೇ ಹೋಗದಿರುವುದು ಉಂಟು. ಅದು ಬೇಡ. ತೂಕ ಸ್ವಲ್ಪ ಏರಿದ್ದರಿಂದಲೂ ಮರಳುತ್ತದೆ, ಇನ್ಸುಲಿನ್ ತಯಾರಿಸುವ ಶಕ್ತಿ ವಯಸ್ಸಿನ ಜೊತೆ ಕುಂದಿದ್ದರಿಂದಲೂ ಮರಳುತ್ತದೆ. ನಿಮ್ಮ ತಪ್ಪೇ ಅಂತ ಏನಿಲ್ಲ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೆ ಕನಿಷ್ಠ ಒಂದು ಸಲ ಎಚ್‌ಬಿಎ1ಸಿ ಮಾಡಿಸಬೇಕು. ಕಣ್ಣಿನ ಪರದೆ, ಮೂತ್ರದ ಪ್ರೋಟೀನ್, ಪಾದದ ಸ್ಪರ್ಶ ಇವೂ ವರ್ಷಕ್ಕೊಮ್ಮೆ, ಶುಗರ್ ಚೆನ್ನಾಗಿದ್ದಾಗಲೂ. ಎಚ್‌ಬಿಎ1ಸಿ ಮತ್ತೆ 6.5 ಮುಟ್ಟಿದರೆ ಮೆಟ್‌ಫಾರ್ಮಿನ್‌ನಿಂದಲೋ ಬೇರೆ ಔಷಧದಿಂದಲೋ ಚಿಕಿತ್ಸೆ ಮತ್ತೆ ಶುರು ಮಾಡುತ್ತಾರೆ. ಬೇಗ ಶುರು ಮಾಡಿದಷ್ಟೂ ಕಡಿಮೆ ಔಷಧದಲ್ಲೇ ಹತೋಟಿಗೆ ಬರುತ್ತದೆ.